46ಕ್ಕೆ ಬರೆದವರೇ ಇಲ್ಲ

ಲೆಕ್ಕದ ಟೀಚರಿಗೊಂದು ಪ್ರಶ್ನೆ: ಓದುಗರ ಅಂಕಣ

ಕಳೆದ ಸಂಚಿಕೆಯಲ್ಲಿ ಚಕ್ರಬಡ್ಡಿಯ ಬಗ್ಗೆ ಬರೆಯುತ್ತ ನಡುವೆ ಒಂದು ಸಾಲು ಬಾಯಿಜಾರಿ ಬಿಟ್ಟೆ. ಲಾಕ್‌ಡೌನ್ ಹೊತ್ತಿನಲ್ಲಿ ನಾನೂ ಒಂದು ಕರೆನ್ಸಿ ಸಿಮ್ಯುಲೇಟರ್ ಬರೆದು ಕೈ ಸುಟ್ಟುಕೊಂಡಿದ್ದೆ ಎಂದು. ದುಡ್ಡು ಸುಟ್ಟಿರಲಿಲ್ಲ, ಮೂವತ್ತು ವರ್ಷ ಗಣಿತ ಕಲಿಸಿದವಳ ಮರ್ಯಾದೆ ಸುಟ್ಟಿತ್ತು. ಚಕ್ರಬಡ್ಡಿಯ ಬಗ್ಗೆ ಒಂದೂ ಪತ್ರ ಬರಲಿಲ್ಲ. ಆ ಒಂದು ಸಾಲಿನ ಬಗ್ಗೆ ಬಂದ ಪತ್ರಗಳು ಸಂಪಾದಕರ ಮೇಜಿನಿಂದ ನನ್ನ ಮನೆಯ ಜಗಲಿಯವರೆಗೂ ಬಂದಿವೆ. ಸಿರ್ಸಿ, ಕುಮಟಾ, ಕಾರವಾರ ಕಡೆಯ ಇಷ್ಟು ಜನ ಯೂರೋ, ಡಾಲರು ಅಂತ ರಾತ್ರಿಯಿಡೀ ಕೂತಿರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಹಾಗಾಗಿ ಈ ತಿಂಗಳು ಬೇರೆ ಪತ್ರಗಳಿಗೆ ರಜೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸಿಮ್ಯುಲೇಟರ್ ಎಂದರೆ ಹಳೆಯ ದಿನಗಳ ವಿನಿಮಯ ದರವನ್ನು ಮತ್ತೆ ಓಡಿಸಿ ತೋರಿಸುವ ತಂತ್ರಾಂಶ. ಅದರಲ್ಲಿ ಸುಳ್ಳು ದುಡ್ಡಿನಿಂದ ಕೊಳ್ಳಬಹುದು, ಮಾರಬಹುದು. ಚಾರ್ಟಿನಲ್ಲಿ ಕಾಣುವ ಒಂದೊಂದು ಕಡ್ಡಿಯೂ ಒಂದು ಕ್ಯಾಂಡಲ್, ಒಂದು ನಿಮಿಷದಲ್ಲೋ ಗಂಟೆಯಲ್ಲೋ ದರ ಎಲ್ಲಿಂದ ಎಲ್ಲಿಯವರೆಗೆ ಓಡಾಡಿತು ಎಂದು ತೋರಿಸುತ್ತದೆ. ಈಗಲೇ ಕೊಳ್ಳದೆ, 'ದರ ಇಲ್ಲಿಗೆ ಬಂದರೆ ಕೊಳ್ಳು' ಎಂದು ಹೇಳಿಟ್ಟರೆ ಅದು ಪೆಂಡಿಂಗ್ ಆರ್ಡರ್. ವ್ಯಾಪಾರ ನಡೆದುಹೋದರೆ ಆರ್ಡರ್ ಫಿಲ್ ಆಯಿತು ಎನ್ನುತ್ತಾರೆ. ಪೆಂಡಿಂಗ್ ಆರ್ಡರಿನಲ್ಲಿ ಎರಡು ಜಾತಿ. ಈಗಿನ ದರಕ್ಕಿಂತ ಅಗ್ಗಕ್ಕೆ ಸಿಕ್ಕರೆ ಕೊಳ್ಳು, ದುಬಾರಿಗೆ ಹೋದರೆ ಮಾರು ಎನ್ನುವುದು ಲಿಮಿಟ್. ಈಗಿನ ದರಕ್ಕಿಂತ ಮೇಲೇರಿದರೆ ಕೊಳ್ಳು, ಕೆಳಗಿಳಿದರೆ ಮಾರು ಎನ್ನುವುದು ಸ್ಟಾಪ್. ದುಬಾರಿಯಾದ ಮೇಲೆ ಕೊಳ್ಳುವ ಹುಚ್ಚು ಯಾರಿಗೆ ಎನ್ನಬೇಡಿ. ಕಟ್ಟೆ ಒಡೆದರೆ ನೀರು ಅದೇ ದಿಕ್ಕಿಗೆ ನುಗ್ಗುತ್ತದೆ ಎಂದು ನಂಬುವವರು ಸ್ಟಾಪ್ ಇಡುತ್ತಾರೆ. ನಷ್ಟ ತಡೆಯಲು ಇಡುವ ಸ್ಟಾಪ್ ಲಾಸ್ ಕೂಡ ಇದೇ ಜಾತಿಯದ್ದು. ಇವತ್ತಿನ ತಕರಾರೆಲ್ಲ ಈ ಸ್ಟಾಪಿನದ್ದೇ.

ಯೂರೋ–ಡಾಲರಿನಲ್ಲಿ 1.1050ಕ್ಕೆ ಬೈ ಸ್ಟಾಪ್ ಇಟ್ಟಿದ್ದೆ. ಚಾರ್ಟಿನಲ್ಲಿ ಕ್ಯಾಂಡಲಿನ ತುದಿ 1.1049ರಲ್ಲೇ ನಿಂತಿದೆ. ಆದರೂ ಆರ್ಡರ್ ಫಿಲ್ ಆಯಿತು! ತಂತ್ರಾಂಶದಲ್ಲಿ ಏನೋ ಐಬು ಇದೆ ಅಲ್ಲವೇ?
– ಓದುಗರು, ಸಿದ್ದಾಪುರ

ಐಬು ಇಲ್ಲ. ಅದು ಸರಿಯಾಗಿಯೇ ಮಾಡಿದೆ.

ಚಿನ್ನದಂಗಡಿಗೆ ಹೋಗಿ ನೋಡಿ. ನೀವು ಕೊಳ್ಳುವ ದರ ಒಂದು, ಅವರು ನಿಮ್ಮಿಂದ ಕೊಳ್ಳುವ ದರ ಇನ್ನೊಂದು. ಕರೆನ್ಸಿಯಲ್ಲೂ ಹಾಗೆಯೇ. ನೀವು ಮಾರಿದರೆ ಸಿಗುವುದು ಬಿಡ್, ಕೊಂಡರೆ ಕೊಡಬೇಕಾದ್ದು ಆಸ್ಕ್. ನಡುವಿನ ಅಂತರವೇ ಸ್ಪ್ರೆಡ್. ಸಾಮಾನ್ಯವಾಗಿ ಚಾರ್ಟ್ ಬರೆಯುವುದು ಬಿಡ್ ದರದಿಂದ ಮಾತ್ರ. ಬೈ ಸ್ಟಾಪ್ ಕಾಯುವುದು ಆಸ್ಕ್ ದರಕ್ಕೆ, ಏಕೆಂದರೆ ನೀವು ಕೊಳ್ಳುತ್ತಿದ್ದೀರಿ. ನಿಮ್ಮ ತಂತ್ರಾಂಶದಲ್ಲಿ ಸ್ಪ್ರೆಡ್ 2 ಪಿಪ್ (ಇಲ್ಲಿ ಒಂದು ಪಿಪ್ ಎಂದರೆ 0.0001) ಎಂದು ಇಟ್ಟಿದ್ದರೆ, ಬಿಡ್ 1.1049 ಆದಾಗ ಆಸ್ಕ್ 1.1051. ನಿಮ್ಮ 1.1050 ಅಷ್ಟರೊಳಗೆ ದಾಟಿ ಹೋಗಿದೆ. ಕಣ್ಣಿಗೆ ಕಾಣಲಿಲ್ಲ, ಅಷ್ಟೇ. ಬಹಳಷ್ಟು ತಂತ್ರಾಂಶಗಳಲ್ಲಿ ಆಸ್ಕ್ ಗೆರೆಯನ್ನೂ ತೋರಿಸು ಎಂಬ ಆಯ್ಕೆ ಇರುತ್ತದೆ. ಅದನ್ನು ಹಚ್ಚಿಟ್ಟುಕೊಳ್ಳಿ, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಇನ್ನರ್ಧ ಜಗಳ ಇಲ್ಲಿದೆ. ಕರೆನ್ಸಿಯಲ್ಲಿ ಮೊದಲು ಮಾರಿ, ಆಮೇಲೆ ಕೊಂಡು ಲೆಕ್ಕ ಮುಗಿಸಲೂಬಹುದು. ಹಾಗೆ ಮಾರಿ ಕೂತವರ ಸ್ಟಾಪ್ ಲಾಸ್ ಎಂದರೆ ವಾಪಸು ಕೊಳ್ಳುವುದು. ಹಾಗಾಗಿ ಅದೂ ಆಸ್ಕಿನದ್ದೇ ಕೂಸು. ನ್ಯೂಯಾರ್ಕಿನಲ್ಲಿ ಸಂಜೆ 5 ಗಂಟೆಗೆ ಕರೆನ್ಸಿಯ ದಿನ ಮುಗಿದು ಹೊಸದು ಶುರುವಾಗುತ್ತದೆ. ನಮಗೆ ಅದು ಬೆಳಗಿನ ಜಾವ 2.30, ಅವರ ಚಳಿಗಾಲದಲ್ಲಿ 3.30. ಆ ಹೊತ್ತಿಗೆ ಕೊಡುವವರೂ ಕೊಳ್ಳುವವರೂ ಕಮ್ಮಿ, ಸ್ಪ್ರೆಡ್ ಹಿಗ್ಗುತ್ತದೆ. 2 ಪಿಪ್ ಇದ್ದದ್ದು 10 ಆದರೆ, ಚಾರ್ಟ್ ಅಲುಗದೆಯೇ ಆಸ್ಕ್ ಮೇಲೆ ಜಿಗಿಯುತ್ತದೆ, ಮಾರಿದವರ ಸ್ಟಾಪ್ ಹೊಡೆಯುತ್ತದೆ. ಸ್ಪ್ರೆಡ್ಡನ್ನು ಸದಾ ಒಂದೇ ಎಂದು ಹಿಡಿಯುವ ಸಿಮ್ಯುಲೇಟರಿನಲ್ಲಿ ಇದು ಎಂದೂ ಆಗುವುದಿಲ್ಲ. ಅಲ್ಲಿ ಬೆಳಗಿನ ಜಾವ ಮೂರು ಗಂಟೆಯೂ ಮಧ್ಯಾಹ್ನ ಮೂರು ಗಂಟೆಯೂ ಒಂದೇ. ಒಂದೇ ಅಲ್ಲ ಮಾರಾಯ್ರೇ.

ಶುಕ್ರವಾರ ದರ 1.0992ರಲ್ಲಿ ಮುಗಿದಿತ್ತು. ನನ್ನ ಸೆಲ್ ಸ್ಟಾಪ್ 1.0980ರಲ್ಲಿ. ಸೋಮವಾರದ ಮೊದಲ ದರವೇ 1.0951. ಸಿಮ್ಯುಲೇಟರ್ ನನಗೆ 1.0980ಕ್ಕೇ ಮಾರಿಕೊಟ್ಟಿದೆ. ಗೆಳೆಯನ ತಂತ್ರಾಂಶ ಅದೇ ದಿನ, ಅದೇ ಆರ್ಡರಿಗೆ 1.0951 ತೋರಿಸುತ್ತಿದೆ. ಯಾವುದು ಸರಿ?
– ಓದುಗರು, ಹುಲೇಕಲ್

ಈ ಪತ್ರಕ್ಕೇ ಇಡೀ ಪುಟ ಕೊಡುವ ಮನಸ್ಸಿದೆ, ಏಕೆಂದರೆ ನನ್ನ ಮರ್ಯಾದೆ ಹೋದದ್ದು ಇಲ್ಲೇ.

ನಿಮ್ಮ ಗೆಳೆಯನದ್ದು ಸರಿ. ಯಾಕೆ ಎನ್ನುವುದನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ಸಿರ್ಸಿಯ ಅಡಕೆ ವಖಾರಿಯ ಗುಮಾಸ್ತರು. ನಮ್ಮ ಅಪ್ಪನ ಕಾಲದ ಮಾತು ಎನ್ನಬೇಡಿ, ಅಪ್ಪ ಹೋಗಿ ಇನ್ನೂ ಎರಡೇ ವರ್ಷ. ಆ ಸಲ ರಾಶಿ ಅಡಕೆಯ ದರ ದಿನದಿನ ಇಳಿಯುತ್ತಿತ್ತು. ಅಪ್ಪನಿಗೆ ಮೊಣಕಾಲು ನೋವು, ವ್ಯಾಪಾರಿಗಳು ಚೀಟಿಯಲ್ಲಿ ದರ ಬರೆದು ಹಾಕುವ ಟೆಂಡರಿಗೆ ದಿನವೂ ಪೇಟೆಗೆ ಬರಲಾಗದು. ಮಾಲು ವಖಾರಿಯಲ್ಲಿಟ್ಟು ಗುಮಾಸ್ತರಿಗೆ ಹೇಳಿ ಬಂದಿದ್ದರು: "46 ಸಾವಿರದ ಕೆಳಗೆ ಇಳಿಯಿತು ಅಂದರೆ ಕೊಟ್ಟುಬಿಡಿ, ಮತ್ತೆ ಕಾಯಬೇಡಿ." ಶನಿವಾರದ ಟೆಂಡರಿನಲ್ಲಿ 46,300 ಇತ್ತು. ಭಾನುವಾರ ಟೆಂಡರ್ ಇಲ್ಲ. ಸೋಮವಾರ ಚೀಟಿ ತೆಗೆದರೆ ಎಲ್ಲಕ್ಕಿಂತ ಹೆಚ್ಚು ಬರೆದದ್ದೇ 45,100. ಗುಮಾಸ್ತರು ಕೊಟ್ಟುಬಿಟ್ಟರು. ಅಪ್ಪ ಫೋನಿನಲ್ಲಿ ಕೂಗಾಡಿದ್ದು ನನಗೆ ಅಡಿಗೆಮನೆಗೆ ಕೇಳುತ್ತಿತ್ತು: "46ಕ್ಕೆ ಕೊಡಿ ಅಂದಿದ್ದೆನಲ್ಲ!" ಆಚೆಯಿಂದ ಬಂದ ಉತ್ತರ ಇಷ್ಟೇ: "ಹೆಗಡೇರೇ, 46ಕ್ಕೆ ಬರೆದವರೇ ಇಲ್ಲ."

ಸ್ಟಾಪ್ ಆರ್ಡರಿನ ಒಳಗುಟ್ಟೆಲ್ಲ ಆ ಒಂದು ವಾಕ್ಯದಲ್ಲಿದೆ. 46 ಎನ್ನುವುದು ಯಾವಾಗ ಮಾರಬೇಕು ಎಂಬುದಕ್ಕೆ ಅಪ್ಪ ಇಟ್ಟ ಗುರುತು. ಎಷ್ಟಕ್ಕೆ ಎಂಬುದನ್ನು ಬರೆಯುವವರು ಚೀಟಿಯಲ್ಲಿ ಬರೆಯುತ್ತಾರೆ. ದರ ಗುರುತನ್ನು ಮುಟ್ಟಿದ ಕೂಡಲೇ ಸ್ಟಾಪ್ ಆರ್ಡರ್ ಸಾದಾ ಮಾರುಕಟ್ಟೆ ಆರ್ಡರ್ ಆಗುತ್ತದೆ. ಆ ಕ್ಷಣ ಎದುರಿಗೆ ಯಾರಿದ್ದಾರೋ ಅವರ ದರಕ್ಕೆ ಹೋಗುತ್ತದೆ. ದರ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ 1.0980ರ ಆಸುಪಾಸಿನಲ್ಲಿ ಯಾರಾದರೂ ಇರುತ್ತಾರೆ. ಒಂದು ಹಾರಿಗೆ 1.0992ರಿಂದ 1.0951ಕ್ಕೆ ಬಿದ್ದರೆ ನಡುವೆ ಯಾರೂ ಇಲ್ಲ. ಕರೆನ್ಸಿಯ ಚಿಲ್ಲರೆ ಮಾರುಕಟ್ಟೆ ನಮ್ಮ ಶನಿವಾರ ಬೆಳಗಿನ ಜಾವ ಮುಚ್ಚಿ ಸೋಮವಾರ ಬೆಳಗಿನ ಜಾವ ತೆರೆಯುತ್ತದೆ. ಆ ಎರಡು ದಿನದಲ್ಲಿ ಲೋಕ ಸುಮ್ಮನಿರುವುದಿಲ್ಲ, ಚುನಾವಣೆ, ಯುದ್ಧ ಎಲ್ಲ ಭಾನುವಾರವೂ ನಡೆಯುತ್ತವೆ.

ನಿಮ್ಮ ಲೆಕ್ಕದಲ್ಲಿ ವ್ಯತ್ಯಾಸ 29 ಪಿಪ್. ಒಂದು ಪೂರ್ಣ ಲಾಟ್ ಎಂದರೆ 1,00,000 ಯೂರೋ, ಅದರಲ್ಲಿ ಪಿಪ್ಪಿಗೆ 10 ಡಾಲರ್. ನಿಮ್ಮ ತಂತ್ರಾಂಶ ಒಂದೇ ಆರ್ಡರಿನಲ್ಲಿ 290 ಡಾಲರನ್ನು ಗಾಳಿಯಿಂದ ಹುಟ್ಟಿಸಿದೆ. ಲಿಮಿಟ್ ಆರ್ಡರಿನಲ್ಲಿ ಇದು ಉಲ್ಟಾ. 'ಇದಕ್ಕಿಂತ ಕಮ್ಮಿಗೆ ಮಾರಬೇಡ' ಎಂದು ನೀವು ಹೇಳಿರುವುದರಿಂದ, ಗ್ಯಾಪ್ ಬಿದ್ದರೆ, ಅಂದರೆ ದರ ನಡುವಿನದ್ದನ್ನು ಬಿಟ್ಟು ಹಾರಿದರೆ, ನಿಮಗೆ ಹೆಚ್ಚೇ ಸಿಗಬಹುದು. ಎಚ್ಚರಿಕೆಯಿಂದ ಬರೆದ ಸಿಮ್ಯುಲೇಟರುಗಳು ಆ ಹೆಚ್ಚುವರಿಯನ್ನು ಕೊಡದೆ ಲಿಮಿಟ್ ದರಕ್ಕೇ ನಿಲ್ಲಿಸುತ್ತವೆ. ಜಿಪುಣತನ ಅನಿಸಿದರೂ ನನಗೆ ಅದೇ ಇಷ್ಟ.

ಈಗ ನನ್ನ ಕಥೆ. 2021ರಲ್ಲಿ ಬೆಂಗಳೂರಿನಿಂದ ಊರಿಗೆ ಬಂದು ಕೂತಿದ್ದ ಅಣ್ಣನ ಮಗ ನನಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿದ. ಅವನು ಕಾಲ್ ಮೇಲೆ ಕಾಲ್ ಹಾಕಿ ಆಫೀಸಿನ ಮೀಟಿಂಗಿನಲ್ಲಿ ಕೂತಿರುವಾಗ ನಾನು ಜಗಲಿಯ ಇನ್ನೊಂದು ತುದಿಯಲ್ಲಿ ನನ್ನದೇ ಸಿಮ್ಯುಲೇಟರ್ ಬರೆದೆ. ಸ್ಟಾಪ್ ಫಿಲ್ ಮಾಡುವ ಭಾಗ ಎರಡೇ ಸಾಲು: ಕ್ಯಾಂಡಲಿನ ಕೆಳತುದಿ ಸ್ಟಾಪ್ ದರವನ್ನು ಮುಟ್ಟಿದೆಯೇ? ಮುಟ್ಟಿದ್ದರೆ ಸ್ಟಾಪ್ ದರಕ್ಕೆ ಮಾರು. ಎಷ್ಟು ಚೆಂದ! ಯೂರೋ–ಸ್ವಿಸ್ ಫ್ರಾಂಕಿನ ಒಂದೊಂದು ನಿಮಿಷದ ಹಳೆಯ ದರ ಇಳಿಸಿಕೊಂಡು, 1.1990ಕ್ಕೆ ಸೆಲ್ ಸ್ಟಾಪ್, 1.1690ರಲ್ಲಿ ಲಾಭ ತೆಗೆದುಕೊಳ್ಳುವ ಲಿಮಿಟ್, 10,000 ಯೂರೋ ಎಂದು ಇಟ್ಟು, ಬೇರೆ ಚಿಲ್ಲರೆ ನಿಯಮಗಳ ಜೊತೆಗೆ ವರ್ಷವಿಡೀ ಓಡಿಸಿದೆ. 340 ಫ್ರಾಂಕ್ ಲಾಭ. ಅಣ್ಣನ ಮಗನಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ವ್ಯಾಪಾರಗಳ ಪಟ್ಟಿ ಕೆಳಗೆಳೆದು ಕೇಳಿದ: "ಅತ್ತೆ, ಇದರಲ್ಲಿ 300 ಒಂದೇ ನಿಮಿಷದಲ್ಲಿ ಬಂದಿದೆಯಲ್ಲ?"

ಆ ನಿಮಿಷ 2015ರ ಜನವರಿ 15ರದ್ದು. ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರ ಸೆಪ್ಟೆಂಬರಿನಿಂದ ಒಂದು ಯೂರೋಗೆ 1.20 ಫ್ರಾಂಕಿಗಿಂತ ಕಡಿಮೆಯಾಗಲು ಬಿಡುವುದಿಲ್ಲ ಎಂದು ಹಟ ಹಿಡಿದು ನಿಂತಿತ್ತು. ಆ ದಿನ ನಮ್ಮ ಮಧ್ಯಾಹ್ನ 3 ಗಂಟೆಗೆ, ಮುನ್ಸೂಚನೆಯಿಲ್ಲದೆ, ಹಟ ಬಿಟ್ಟೆ ಎಂದಿತು. ಯೂರೋ ಕೆಲವೇ ನಿಮಿಷಗಳಲ್ಲಿ ಒಂದು ಫ್ರಾಂಕಿಗಿಂತ ಕೆಳಗೆ ಹೋಯಿತು. 1.20ರ ಕೆಳಗೆ ಸ್ಟಾಪ್ ಇಟ್ಟಿದ್ದ ಎಷ್ಟೋ ಜನಕ್ಕೆ ತಮ್ಮ ದರ ಸಿಗಲೇ ಇಲ್ಲ, ತುಂಬಾ ಕೆಳಗಿನ ದರ ಸಿಕ್ಕಿತು. ಖಾತೆಯಲ್ಲಿದ್ದ ದುಡ್ಡೆಲ್ಲ ಹೋಗಿ ಮೇಲೆ ಸಾಲವೂ ಬಂತು. ಗ್ರಾಹಕರ ಆ ಸಾಲ ವಸೂಲಾಗದೆ ದಲ್ಲಾಳಿ ಕಂಪನಿಗಳೂ ಮುಳುಗಿದವು. ಲೋಕವೆಲ್ಲ ಅತ್ತ ದಿನ ನನ್ನ ಜಗಲಿಯಲ್ಲಿ ಮಾತ್ರ 1.1990ಕ್ಕೆ ಆರಾಮಾಗಿ ಮಾರಾಟವಾಗಿ, 1.1690ಕ್ಕೆ ಆರಾಮಾಗಿ ಲಾಭ ಕೈಗೆ ಬಂದಿತ್ತು.

ನಾಚಿಕೆಯಾಗಿ ತಿದ್ದಿದೆ. ಹೊಸ ನಿಯಮ: ಕ್ಯಾಂಡಲ್ ತೆರೆದ ದರವೇ ಸ್ಟಾಪನ್ನು ದಾಟಿದ್ದರೆ ತೆರೆದ ದರಕ್ಕೆ ಫಿಲ್ ಮಾಡು, ಇಲ್ಲದಿದ್ದರೆ ಸ್ಟಾಪ್ ದರಕ್ಕೆ. ನಿಮ್ಮ ಗೆಳೆಯನ ತಂತ್ರಾಂಶದಲ್ಲಿ ಇರುವುದು ಇದೇ ಇರಬೇಕು. ಸೋಮವಾರದ ಗ್ಯಾಪುಗಳೆಲ್ಲ ಸರಿಯಾದವು. ಜನವರಿ 15 ಸರಿಯಾಗಲಿಲ್ಲ! ಯಾಕೆಂದು ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡೆ. ನನ್ನ ದತ್ತಾಂಶದಲ್ಲಿ ಆ ನಿಮಿಷದ ಕ್ಯಾಂಡಲ್ ತೆರೆದದ್ದು 1.20ರ ಮೇಲೆಯೇ. ಘೋಷಣೆ ಬಂದದ್ದು, ದರ ಬಿದ್ದದ್ದು ಎಲ್ಲ ಆ ಕ್ಯಾಂಡಲಿನ ಹೊಟ್ಟೆಯೊಳಗೆ. ತೆರೆದದ್ದು ಸ್ಟಾಪಿನ ಮೇಲೆ, ಮುಗಿದದ್ದು ಎಲ್ಲೋ ಪಾತಾಳದಲ್ಲಿ, ಹಾಗಾದರೆ ನಡುವೆ 1.1990 ಸಿಕ್ಕಿರಲೇಬೇಕು ಎಂದು ನನ್ನ ನಿಯಮ ಭೋಳೆಯಾಗಿ ನಂಬಿತು. ಕ್ಯಾಂಡಲ್ ಎನ್ನುವುದು ನಾಲ್ಕೇ ಅಂಕಿ: ತೆರೆದದ್ದು, ಮೇಲ್ತುದಿ, ಕೆಳತುದಿ, ಮುಗಿದದ್ದು. ನಡುವೆ ಮೆಟ್ಟಿಲಿತ್ತೋ ಪ್ರಪಾತವಿತ್ತೋ ಆ ನಾಲ್ಕು ಅಂಕಿ ಹೇಳುವುದಿಲ್ಲ. ಪ್ರತಿಯೊಂದು ದರಬದಲನ್ನೂ ಬರೆದಿಟ್ಟ ಟಿಕ್ ದತ್ತಾಂಶ ಇದ್ದರೆ ಮಾತ್ರ ಗೊತ್ತಾಗುತ್ತದೆ, ಅದೂ ಒಬ್ಬ ದಲ್ಲಾಳಿಯ ಕಂಪ್ಯೂಟರಿಗೆ ಕಂಡಷ್ಟು.

ಸಿಟ್ಟಿಗೆ ಇನ್ನೊಂದು ನಿಯಮ ಸೇರಿಸಿದೆ. ಒಂದು ನಿಮಿಷದ ಕ್ಯಾಂಡಲ್ 100 ಪಿಪ್ಪಿಗಿಂತ ಉದ್ದವಿದ್ದರೆ, ಸೆಲ್ ಸ್ಟಾಪನ್ನು ಅದರ ಕೆಳತುದಿಗೇ ಫಿಲ್ ಮಾಡು ಎಂದು. ಆಗ ಹೊಸ ತಮಾಷೆ ಹುಟ್ಟಿತು. ಮಾರಾಟವಾದ ದರವೇ 1.1690ರ ಲಾಭದ ಗುರುತಿಗಿಂತ ಎಷ್ಟೋ ಕೆಳಗೆ. ನನ್ನ ತಂತ್ರಾಂಶ 'ಲಾಭದ ಗುರುತು ದಾಟಿದೆ' ಎಂದುಕೊಂಡು ಕೂಡಲೇ 1.1690ಕ್ಕೆ ವಾಪಸು ಕೊಂಡುಬಿಟ್ಟಿತು. ಕೆಳಗೆ ಮಾರಿ ಮೇಲೆ ಕೊಂಡು, ದೊಡ್ಡ ನಷ್ಟ ಬರೆದು, ಪಕ್ಕದಲ್ಲಿ 'ಟೇಕ್ ಪ್ರಾಫಿಟ್' ಎಂದು ಷರಾ ಹಾಕಿತ್ತು. ನಗಬೇಡಿ, ನಿಮ್ಮ ಪಟ್ಟಿಯಲ್ಲೂ ಟೇಕ್ ಪ್ರಾಫಿಟ್ ಎಂದಿದ್ದೂ ನಷ್ಟದಲ್ಲಿರುವ ಸಾಲು ಇದೆಯೇ ಎಂದು ಒಮ್ಮೆ ಹುಡುಕಿ. ಇದ್ದರೆ ಅದರ ಹಿಂದೆ ಇಂಥದ್ದೇ ಒಂದು ಗ್ಯಾಪ್ ಇರುವ ಸಾಧ್ಯತೆ ಹೆಚ್ಚು.

ಹಾಗಾಗಿ ಹುಲೇಕಲ್ಲಿನವರೇ, ನಿಮ್ಮ ತಂತ್ರಾಂಶದ ಸೆಟ್ಟಿಂಗಿನಲ್ಲಿ ಗ್ಯಾಪ್, ಸ್ಲಿಪೇಜ್ (ಹೇಳಿದ ದರಕ್ಕೂ ಸಿಕ್ಕ ದರಕ್ಕೂ ಇರುವ ಅಂತರ) ಎಂಬ ಹೆಸರಿನ ಆಯ್ಕೆ ಹುಡುಕಿ. ಇಲ್ಲದಿದ್ದರೆ ಪಟ್ಟಿಯನ್ನು ಹಾಳೆಗೆ ಇಳಿಸಿಕೊಂಡು ಸೋಮವಾರದ ಫಿಲ್ಲುಗಳನ್ನು ಪೆನ್ಸಿಲಿನಲ್ಲಿ ತಿದ್ದಿ. ನಾನು ಹಾಗೆಯೇ ಮಾಡಿದ್ದು.

ಒಂದೇ ಕ್ಯಾಂಡಲಿನೊಳಗೆ ನನ್ನ ಬೈ ಸ್ಟಾಪೂ ಇದೆ, ಅದರ ಸ್ಟಾಪ್ ಲಾಸೂ ಇದೆ. ಎರಡರಲ್ಲಿ ಮೊದಲು ಯಾವುದು ಎಂದು ತಂತ್ರಾಂಶ ಹೇಗೆ ತೀರ್ಮಾನಿಸುತ್ತದೆ?
– ಕಾಲೇಜು ವಿದ್ಯಾರ್ಥಿನಿ, ಕುಮಟಾ

ಊಹೆಯಿಂದ. ಅಘನಾಶಿನಿ ಅಳಿವೆಯ ದಂಡೆಗೆ ನೀವು ಸಂಜೆ ಹೋಗಿ ನಿಂತರೆ, ಉಬ್ಬರ ಎಲ್ಲಿಯವರೆಗೆ ಬಂದಿತ್ತು, ಇಳಿತ ಎಲ್ಲಿಯವರೆಗೆ ಹೋಗಿತ್ತು ಎಂದು ಕೆಸರಿನ ಗುರುತು ನೋಡಿ ಹೇಳಬಹುದು. ಬೆಳಗಿನಿಂದ ಯಾವುದು ಮೊದಲಾಯಿತು ಎಂದು ಗುರುತು ಹೇಳುವುದಿಲ್ಲ. ದೋಣಿಯವರನ್ನು ಕೇಳಬೇಕು. ತಂತ್ರಾಂಶಕ್ಕೆ ದೋಣಿಯವರಿಲ್ಲ.

ಲೆಕ್ಕ ಮಾಡಿಯೇ ನೋಡಿ, ಸ್ಪ್ರೆಡ್ ಸದ್ಯಕ್ಕೆ ಬಿಡಿ. ಕ್ಯಾಂಡಲ್ ತೆರೆದದ್ದು 1.1020, ಮೇಲ್ತುದಿ 1.1060, ಕೆಳತುದಿ 1.0990, ಮುಗಿದದ್ದು 1.1045. ನಿಮ್ಮ ಬೈ ಸ್ಟಾಪ್ 1.1050, ಸ್ಟಾಪ್ ಲಾಸ್ 1.1000. ದರ ಮೊದಲು ಕೆಳಗೆ ಹೋಗಿ ಆಮೇಲೆ ಮೇಲೆ ಬಂದಿದ್ದರೆ: 1.0990 ಮುಟ್ಟಿದಾಗ ನೀವಿನ್ನೂ ಕೊಂಡಿಲ್ಲ, ಆಮೇಲೆ 1.1050ಕ್ಕೆ ಕೊಂಡಿರಿ, ಕ್ಯಾಂಡಲ್ ಮುಗಿದಾಗ 5 ಪಿಪ್ ಹಿಂದಿದ್ದೀರಿ, ವ್ಯಾಪಾರ ಜೀವಂತ. ಮೊದಲು ಮೇಲೆ ಹೋಗಿ ಆಮೇಲೆ ಕೆಳಗೆ ಬಂದಿದ್ದರೆ: 1.1050ಕ್ಕೆ ಕೊಂಡಿರಿ, 1.1000ಕ್ಕೆ ಹೊರಬಿದ್ದಿರಿ, 50 ಪಿಪ್ ಖೋತಾ. ಕ್ಯಾಂಡಲ್ ಅದೇ, ಬಣ್ಣ ಅದೇ.

ಬಹಳ ಕಡೆ ಬಳಸುವ ಊಹೆ ಹೀಗಿದೆ. ಕ್ಯಾಂಡಲ್ ಏರಿಕೆಯದಾಗಿದ್ದರೆ ಮೊದಲು ಕೆಳತುದಿ ಆಮೇಲೆ ಮೇಲ್ತುದಿ, ಇಳಿಕೆಯದಾಗಿದ್ದರೆ ಮೊದಲು ಮೇಲ್ತುದಿ. ಮೇಲಿನ ಉದಾಹರಣೆಯಲ್ಲಿ ಈ ಊಹೆ ನಿಮ್ಮನ್ನು ಉಳಿಸುತ್ತದೆ. ಹೀಗೆ ಬಿಟ್ಟಿ ಉಳಿದ ವ್ಯಾಪಾರಗಳೇ ಕೆಲವೊಮ್ಮೆ ಇಡೀ ತಂತ್ರವನ್ನು ಬಂಗಾರದಂತೆ ಹೊಳೆಸುತ್ತವೆ. ಮೆಟಾಟ್ರೇಡರ್ 5 ಎಂಬ ವ್ಯಾಪಾರದ ತಂತ್ರಾಂಶದ ಪರೀಕ್ಷಕದಲ್ಲಿ ಬೇರೆ ಬೇರೆ ಆಯ್ಕೆಗಳಿವೆ: ಕ್ಯಾಂಡಲ್ ತೆರೆಯುವ ದರ ಮಾತ್ರ, ಒಂದು ನಿಮಿಷದ ನಾಲ್ಕು ಅಂಕಿ, ಹುಟ್ಟಿಸಿದ ಟಿಕ್, ನಿಜವಾದ ಟಿಕ್. ಪೆಂಡಿಂಗ್ ಆರ್ಡರ್ ಇಟ್ಟು ಆಡುವವರು ಮೊದಲನೆಯದರ ಹತ್ತಿರವೂ ಸುಳಿಯಬಾರದು. ಗಂಟೆಯ ಕ್ಯಾಂಡಲಿನಲ್ಲಿ ಹುಟ್ಟುವ ಈ ಗೊಂದಲ ನಿಮಿಷದ ಕ್ಯಾಂಡಲಿಗೆ ಇಳಿದರೆ ಬಹುಪಾಲು ತಾನೇ ಕರಗುತ್ತದೆ. ಉಳಿದಷ್ಟಕ್ಕೆ ನನ್ನ ನಿಯಮ: ಗೊತ್ತಿಲ್ಲದಿದ್ದರೆ ನಷ್ಟ ಮೊದಲು ಎಂದು ಹಿಡಿ.

ನೀವು ಗಣಿತ ವಿಭಾಗದವರೆಂದು ಪತ್ರದಲ್ಲಿದೆ. ಇದರ ಮೇಲೆಯೇ ಒಂದು ಪ್ರಾಜೆಕ್ಟ್ ಮಾಡಿ, ಒಂದೇ ತಂತ್ರವನ್ನು ಎರಡೂ ಊಹೆಯಲ್ಲಿ ಓಡಿಸಿ ಅಂತರ ಬರೆಯಿರಿ. ನನಗೂ ಒಂದು ಪ್ರತಿ ಕಳಿಸಿ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಪೆಂಡಿಂಗ್ ಆರ್ಡರ್ ಇಟ್ಟಾಗ ಕಂಪ್ಯೂಟರ್ ಆರಿದರೆ ಆರ್ಡರ್ ಏನಾಗುತ್ತದೆ?
– ಓದುಗರು, ಹೊನ್ನಾವರ ತಾಲೂಕು

ಸಿಮ್ಯುಲೇಟರಿನಲ್ಲಾದರೆ ಏನೂ ಆಗುವುದಿಲ್ಲ, ಅಲ್ಲಿಯ ಲೋಕವೂ ನಿಮ್ಮ ಜೊತೆ ಕತ್ತಲಲ್ಲಿ ಕೂತಿರುತ್ತದೆ. ಕೊನೆಗೆ ಉಳಿಸಿದ ಕಡೆಯಿಂದ ಮತ್ತೆ ಶುರು. ನಿಜವಾದ ಖಾತೆಯಲ್ಲಿ ಪೆಂಡಿಂಗ್ ಆರ್ಡರ್ ಮತ್ತು ಸ್ಟಾಪ್ ಲಾಸ್ ದಲ್ಲಾಳಿಯ ಸರ್ವರಿನಲ್ಲಿ ಇರುತ್ತವೆ, ಹೆಸ್ಕಾಂನವರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮೆಟಾಟ್ರೇಡರಿನ ಟ್ರೇಲಿಂಗ್ ಸ್ಟಾಪ್, ಅಂದರೆ ದರದ ಬೆನ್ನ ಹಿಂದೆಯೇ ಸರಿಯುತ್ತ ಹೋಗುವ ಸ್ಟಾಪ್, ಓಡುವುದು ನಿಮ್ಮ ಯಂತ್ರದಲ್ಲಿ. ಯಂತ್ರ ಆರಿದರೆ ಸ್ಟಾಪ್ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಸಿಮ್ಯುಲೇಟರಿನಲ್ಲಿ ಟ್ರೇಲಿಂಗ್ ಸ್ಟಾಪಿನಿಂದ ಗೆದ್ದವರು ಆಷಾಢವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಮಗ ಆರು ತಿಂಗಳಿಂದ ಸಿಮ್ಯುಲೇಟರಿನಲ್ಲಿ ಲಾಭ ಮಾಡುತ್ತಿದ್ದಾನೆ. ಈಗ ಮೊಬೈಲಿನಲ್ಲಿ ಯಾರೋ ಒಬ್ಬರು ವಿದೇಶಿ ಆ್ಯಪಿಗೆ ದುಡ್ಡು ಹಾಕು, ನಿಜವಾಗಿ ಆಡು ಎನ್ನುತ್ತಿದ್ದಾರಂತೆ. ಕೊಡಲೇ?
– ತಾಯಿ, ಕಾರವಾರ

ಬೇಡ, ಅಕ್ಕ.

ಭಾರತದಲ್ಲಿರುವವರು ವಿದೇಶಿ ವಿನಿಮಯದ ವ್ಯವಹಾರವನ್ನು ಅಧಿಕೃತ ಸಂಸ್ಥೆಗಳ ಜೊತೆ, ಅನುಮತಿ ಇರುವ ಉದ್ದೇಶಕ್ಕೆ ಮಾತ್ರ ಮಾಡಬಹುದು. ಆನ್‌ಲೈನಿನಲ್ಲಿ ಮಾಡುವುದಾದರೆ ರಿಸರ್ವ್ ಬ್ಯಾಂಕ್ ಒಪ್ಪಿದ ವೇದಿಕೆಗಳಲ್ಲಿ, ಇಲ್ಲವೇ ಎನ್‌ಎಸ್‌ಇ, ಬಿಎಸ್‌ಇಯಂಥ ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿ. ಇದು 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಮಾತು. ವಿದೇಶಿ ಆ್ಯಪಿಗೆ ಮಾರ್ಜಿನ್ ದುಡ್ಡು, ಅಂದರೆ ವ್ಯಾಪಾರಕ್ಕೆ ಇಡುವ ಮುಂಗಡ, ಕಳಿಸಲು ಅನುಮತಿಯಿಲ್ಲ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಅನಧಿಕೃತ ವೇದಿಕೆಗಳ ಎಚ್ಚರಿಕೆ ಪಟ್ಟಿ ಹೊರಡಿಸಿತು. ಮೊದಲ ಪಟ್ಟಿಯಲ್ಲಿ 34 ಹೆಸರಿದ್ದವು, ಆಮೇಲೆ ಬೆಳೆಯುತ್ತ ಬಂದಿದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅಧಿಕೃತ ಎಂದೂ ಅಲ್ಲ ಎಂದು ಬ್ಯಾಂಕೇ ಹೇಳಿದೆ. ಎನ್‌ಎಸ್‌ಇಯಲ್ಲಿ ಆಡುತ್ತೇನೆ ಎಂದರೂ, 2024ರ ಮೇ ತಿಂಗಳಿನಿಂದ ರೂಪಾಯಿಯ ಕಾಂಟ್ರಾಕ್ಟ್ ಕೊಳ್ಳುವವರಿಗೆ ನಿಜವಾದ ವಿದೇಶಿ ವಿನಿಮಯದ ಬಾಧ್ಯತೆ ಇರಬೇಕು. ಬರೀ ಊಹಾವ್ಯಾಪಾರಕ್ಕೆ ಅಲ್ಲಿ ಜಾಗವಿಲ್ಲ.

ಮಗನ ಆರು ತಿಂಗಳ ಲಾಭದ ಬಗ್ಗೆ ಅನುಮಾನ ಪಡಲು ಹೇಳುವುದಿಲ್ಲ. ಮೇಲೆ ಹುಲೇಕಲ್ಲಿನವರಿಗೆ ಬರೆದ ಉತ್ತರ ಅವನಿಗೆ ಓದಲು ಕೊಡಿ.

ನಮ್ಮದು ಸಿಗಡಿ ರಫ್ತು, ಡಾಲರ್ ಬರುವುದಿದೆ. ಆದ್ದರಿಂದ ಎನ್‌ಎಸ್‌ಇಯಲ್ಲಿ ಡಾಲರ್–ರೂಪಾಯಿ ಮಾರಿಟ್ಟುಕೊಳ್ಳುತ್ತೇವೆ. ಅಲ್ಲಿ ಸ್ಟಾಪ್ ಲಾಸ್ ಇಡುವಾಗ ಎರಡು ದರ ಕೇಳುತ್ತದೆ. ಸಿಮ್ಯುಲೇಟರಿನಲ್ಲಿ ಒಂದೇ ಇತ್ತಲ್ಲ?
– ಓದುಗರು, ಅಂಕೋಲಾ

ಒಳ್ಳೆಯ ಪ್ರಶ್ನೆ, ಅಪಾಯದ ಪ್ರಶ್ನೆಯೂ ಹೌದು. ಒಂದು ಟ್ರಿಗರ್ ದರ, ಒಂದು ಲಿಮಿಟ್ ದರ. ಟ್ರಿಗರ್ ಮುಟ್ಟಿದರೆ ಆರ್ಡರ್ ಎಚ್ಚರಗೊಳ್ಳುತ್ತದೆ. ಎಚ್ಚರವಾದ ಮೇಲೆ ಅದು ಮಾರುಕಟ್ಟೆ ಆರ್ಡರ್ ಅಲ್ಲ, ಲಿಮಿಟ್ ಆರ್ಡರ್. ನೀವು ಮಾರಿರುವುದರಿಂದ ನಿಮ್ಮ ಸ್ಟಾಪ್ ಲಾಸ್ ಎಂದರೆ ಕೊಳ್ಳುವುದು. ಟ್ರಿಗರ್ 84.50, ಲಿಮಿಟ್ 84.55 ಎಂದು ಇಟ್ಟಿರಿ ಎನ್ನಿ. ಹಣಕಾಸು ನೀತಿಯ ದಿನ ಬೆಳಿಗ್ಗೆ 10ಕ್ಕೆ ಗವರ್ನರ್ ಮಾತು ಶುರುಮಾಡುತ್ತಾರೆ, ದರ 84.46ರಿಂದ ಒಂದೇ ಹಾರಿಗೆ 84.70. ಆರ್ಡರ್ ಎಚ್ಚರವಾಗುತ್ತದೆ, 84.55ಕ್ಕಿಂತ ಹೆಚ್ಚು ಕೊಡಬೇಡ ಎಂದು ನೀವೇ ಹೇಳಿದ್ದೀರಿ, ಆ ದರಕ್ಕೆ ಕೊಡುವವರಿಲ್ಲ, ಸುಮ್ಮನೆ ನಿಲ್ಲುತ್ತದೆ. ದರ 84.90ಕ್ಕೆ ಹೋದರೂ ನೀವು ಒಳಗೇ ಇರುತ್ತೀರಿ.

ಅಪ್ಪ ಗುಮಾಸ್ತರಿಗೆ '46ರ ಕೆಳಗೆ ಇಳಿದರೆ ಕೊಡಿ, ಆದರೆ 45,800ಕ್ಕಿಂತ ಕಮ್ಮಿಗೆ ಬೇಡ' ಎಂದಿದ್ದರೆ ಆಗುತ್ತಿದ್ದುದು ಇದೇ. 45,100ಕ್ಕೆ ಮಾರಾಟವಾಗುತ್ತಿರಲಿಲ್ಲ, ಅಡಕೆ ವಖಾರಿಯಲ್ಲೇ ಇರುತ್ತಿತ್ತು. ಆ ವಾರ ದರ ಇನ್ನೂ ಇಳಿಯಿತು ಎನ್ನುವುದನ್ನೂ ಹೇಳಿಬಿಡುತ್ತೇನೆ.

ಒಂದು ಲಾಟ್ 1,000 ಡಾಲರ್, ದರ 0.0025 ರೂಪಾಯಿ ಅಲುಗಿದರೆ ಲಾಟಿಗೆ ಎರಡೂವರೆ ರೂಪಾಯಿ. ಲಾಟ್ ಚಿಕ್ಕದು ಎಂದು ಟ್ರಿಗರಿಗೂ ಲಿಮಿಟ್ಟಿಗೂ ನಡುವೆ ಐದೇ ಪೈಸೆ ಬಿಡಬೇಡಿ, ಆ ಅಂತರ ಬಿಡುವುದರಲ್ಲಿ ಧಾರಾಳಿಯಾಗಿ. ಇನ್ನೊಂದು ಮಾತು. ಅದು ಆ ದಿನದ ಆರ್ಡರ್, ಸಂಜೆ 5ಕ್ಕೆ ಮಾರುಕಟ್ಟೆ ಮುಚ್ಚಿದರೆ ರದ್ದು. ಮರುದಿನ ಬೆಳಿಗ್ಗೆ 9ಕ್ಕೆ ಹೊಸದಾಗಿ ಇಡಬೇಕು. ವಾರಗಟ್ಟಲೆ ಕಾಯುವ ಪೆಂಡಿಂಗ್ ಆರ್ಡರಿಗೆ ಸಿಮ್ಯುಲೇಟರಿನಲ್ಲಿ ಒಗ್ಗಿದವರು ಇಲ್ಲಿ ಮೊದಲ ರಾತ್ರಿಯೇ ಬರಿಗೈಯಾಗುತ್ತಾರೆ.

ಇಷ್ಟೆಲ್ಲ ಹೇಳುತ್ತೀರಿ, ತಿದ್ದಿದ ಮೇಲೆ ನಿಮ್ಮ ಸಿಮ್ಯುಲೇಟರಿನಲ್ಲಿ ಲಾಭ ಎಷ್ಟು?
– ಓದುಗರು, ಭಟ್ಕಳ

ಜನವರಿ 15ರ ಆ ಒಂದು ವ್ಯಾಪಾರವನ್ನು ಬಿಟ್ಟರೆ 40 ಫ್ರಾಂಕ್. ಒಂದು ವರ್ಷಕ್ಕೆ. ಸ್ಪ್ರೆಡ್ ಹಾಕುವುದನ್ನು ಮರೆತಿದ್ದೆ ಎಂದು ನಿನ್ನೆ ಈ ಉತ್ತರಗಳನ್ನು ಬರೆಯುವಾಗ ಗೊತ್ತಾಯಿತು.